ಅಮ್ಮನ ಜೊತೆ ಜಪಾನ್ ಹಬ್ಬಕ್ಕೆ: ಗಿಯೋನಾ, ನೆಬುತಾನಾ? ಹೋಗಿ ಬಂದವರು ಹೇಳಿ

ಜಯನಗರದ ಜೋಳಿಗೆ (ಪ್ರಶ್ನೆ): ಮುಂದಿನ ವರ್ಷ ಅಮ್ಮನನ್ನು ಕರೆದುಕೊಂಡು ಜಪಾನಿಗೆ ಹೋಗುವ ಆಸೆ. ರಜೆ ಸಿಗುವುದು ಜುಲೈ ಇಲ್ಲವೇ ಆಗಸ್ಟ್. ಕ್ಯೋಟೋದ ಗಿಯೋನ್ ಹಬ್ಬ ನೋಡುವುದೋ, ಆವೊಮೊರಿಯ ನೆಬುತಾ ನೋಡುವುದೋ ಗೊತ್ತಾಗುತ್ತಿಲ್ಲ. ಅಮ್ಮನಿಗೆ ಮಂಡಿ ನೋವು. ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಆದರೆ ಜಾತ್ರೆ ಅಂಗಡಿಗಳ ಮುಂದೆ ನಿಂತು ತಿನ್ನುವುದು ಅಂದರೆ ಇಷ್ಟ. ಅನುಭವ ಹಂಚಿಕೊಳ್ಳಿ.

ಶಿವಮೊಗ್ಗದವಳು: ಗಿಯೋನ್. ಯೋಚನೆಯೇ ಬೇಡ. ನಾವು ನೋಡಿದ್ದು ಜುಲೈ 17ರ ಮೆರವಣಿಗೆ, 23 ರಥ. ದೊಡ್ಡ ರಥ ಮೂಲೆಯಲ್ಲಿ ತಿರುಗಬೇಕಾದರೆ ಚಕ್ರದ ಕೆಳಗೆ ಬಿದಿರಿನ ಸೀಳು ಹಾಸಿ, ನೀರು ಹೊಯ್ದು, ಎಲ್ಲರೂ ಕೂಗಿ ಅಡ್ಡಕ್ಕೆ ಎಳೆಯುತ್ತಾರೆ. ಅತ್ತೆ ಅಲ್ಲೇ ಕೈ ಮುಗಿದರು.

ಇನ್ನು ದುಡ್ಡಿನ ಕಥೆ ಕೇಳಿ. ರೂಮು 14,000 ಯೆನ್‌ಗೆ ಬುಕ್ ಆಗಿತ್ತು. ಹಬ್ಬ ಹತ್ತಿರ ಬಂದಾಗ ಹೋಟೆಲ್‌ನವರು ಏನೋ ನೆಪ ಹೇಳಿ ರದ್ದು ಮಾಡಿದರು. ಮರುದಿನ ನೋಡಿದರೆ ಅದೇ ರೂಮು 38,000! ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಕೊನೆಗೆ ಪಕ್ಕದ ಒತ್ಸುದಲ್ಲಿ 16,500ಕ್ಕೆ ಉಳಿದೆವು. ಕ್ಯೋಟೋಗೆ ರೈಲಿನಲ್ಲಿ ಹತ್ತು ನಿಮಿಷ. ಮೆರವಣಿಗೆಗೆ ದುಡ್ಡು ಕೊಟ್ಟು ಕೂರುವ ಸೀಟು ಸಿಗುತ್ತದೆ, ತೆಗೆದುಕೊಳ್ಳಿ. 2023ರಲ್ಲಿ 4 ಲಕ್ಷ ಯೆನ್ ಸೀಟನ್ನೂ ಮಾರಿದ್ದರು. ಅದಲ್ಲ, ಸಾಮಾನ್ಯದ್ದು. ನೆರಳು ಮಾತ್ರ ಇರಲ್ಲ. ಬಿಸಿಲು 37 ಡಿಗ್ರಿ, ಮೇಲೆ ಮಂಗಳೂರಿನ ಹಾಗೆ ಬೆವರು.

ಬೀದಿಯಲ್ಲಿ ಚಿಮಾಕಿ ಅಂತ ಎಲೆ ಸುತ್ತಿದ್ದು ಮಾರುತ್ತಾರೆ. ಅತ್ತೆ ಕಡುಬು ಅಂದುಕೊಂಡು ಬಿಚ್ಚಲು ಕೂತರು. ಒಳಗೆ ಹುಲ್ಲು! ಅದು ಬಾಗಿಲಿಗೆ ಕಟ್ಟುವ ರಕ್ಷೆ. 1,000 ಯೆನ್ ಕೊಟ್ಟಿದ್ದು, ಈಗ ನಮ್ಮನೆ ಬಾಗಿಲಲ್ಲೇ ಇದೆ.

ಹಾಸನದ ಹಾಯಾಬುಸಾ: ಕ್ಯೋಟೋದಲ್ಲಿ ನೀವು ಬರೀ ನೋಡುತ್ತೀರಿ. ನೆಬುತಾದಲ್ಲಿ ಕುಣಿಯುತ್ತೀರಿ. ವ್ಯತ್ಯಾಸ ಅಷ್ಟೇ. ಹೂವಿನ ಟೋಪಿ, ಯುಕಾತಾ (ತೆಳು ಹತ್ತಿಯ ಕಿಮೋನೊ), ಗೆಜ್ಜೆ, ಹೀಗೆ ಪೂರ್ತಿ ಹಾನೆತೊ (ಕುಣಿಯುವವರ) ವೇಷ ಇದ್ದರೆ ಯಾರು ಬೇಕಾದರೂ ಒಳಗೆ ಸೇರಬಹುದು. ಹೆಸರು ನೋಂದಾಯಿಸುವುದೂ ಬೇಡ. ಬಾಡಿಗೆ ವೇಷಕ್ಕೆ 4,500 ಕೊಟ್ಟೆ. "ರಾಸ್ಸೆರಾ ರಾಸ್ಸೆರಾ" ಅಂತ ಕೂಗಿ ಗಂಟಲು ಹೋಯಿತು. ಮುಂದೆ ಒಳಗಿಂದ ದೀಪ ಹಚ್ಚಿದ ರಾಕ್ಷಸ, ವೀರರ ಕಾಗದದ ಬೊಂಬೆಗಳು. ಒಂದೊಂದೂ ಮನೆಯಷ್ಟು ದೊಡ್ಡದು.

ಖರ್ಚು ಹೇಳುತ್ತೇನೆ. ಟೋಕಿಯೊದಿಂದ ಶಿನ್ ಆವೊಮೊರಿಗೆ ಒಂದು ಕಡೆಗೇ 17,000 ಯೆನ್ ಮೇಲೆ. ಏಳು ದಿನದ ರೈಲು ಪಾಸ್ 2023ರ ಅಕ್ಟೋಬರ್‌ವರೆಗೆ 29,650 ಇತ್ತು, ಒಂದೇ ಏಟಿಗೆ 50,000 ಮಾಡಿದರು. ಆವೊಮೊರಿಯಲ್ಲಿ ರೂಮೇ ಇಲ್ಲ, ಹಾಚಿನೊಹೆಯಲ್ಲಿ ಉಳಿದೆವು. ಪ್ರತಿ ರಾತ್ರಿ ಗೆಜ್ಜೆ ಕಟ್ಟಿಕೊಂಡೇ ರೈಲಿಗೆ ಓಟ. ಹಬ್ಬ ಆಗಸ್ಟ್ 2ರಿಂದ 7. ಕೊನೆ ದಿನ ಹಗಲು ಮೆರವಣಿಗೆ. ರಾತ್ರಿ ಬೊಂಬೆಗಳನ್ನು ದೋಣಿ ಮೇಲೆ ಸಮುದ್ರಕ್ಕೆ ಇಳಿಸಿ ಪಟಾಕಿ ಹೊಡೆಯುತ್ತಾರೆ.

ಊಟಕ್ಕೆ ಬರವಿಲ್ಲ. ಚಿಪ್ಪಿನಲ್ಲೇ ಸುಟ್ಟ ಸ್ಕ್ಯಾಲಪ್, ಶುಂಠಿ ಮಿಸೊ (ಹುದುಗಿಸಿದ ಸೋಯಾ) ಹಾಕಿದ ಓದೆನ್ ಅನ್ನುವ, ಸಾರಿನಲ್ಲಿ ಬೇಯಿಸಿದ ತಿಂಡಿ. ಸ್ವರ್ಗ.

ಮೊಟ್ಟೆ ಮುಟ್ಟದವಳು: ಅವರ ತಾಯಿ ಮೊಟ್ಟೆ ತಿನ್ನಲ್ಲ ಅಂತ ಬರೆದಿದ್ದಾರೆ, ನೀವು ಸ್ಕ್ಯಾಲಪ್ ಹೇಳುತ್ತೀರಿ! ಓದೆನ್ ಬೇಯುವುದೇ ಮೀನಿನ ದಾಶಿಯಲ್ಲಿ, ಅಂದರೆ ಮೀನಿನ ತಿಳಿ ಸಾರಿನಲ್ಲಿ.

ನನ್ನದು ಕೇಳಿ. ಯಮಾದೆರಾ ಅನ್ನುವ ಬೆಟ್ಟದ ದೇವಸ್ಥಾನದ ಮೆಟ್ಟಿಲ ಹತ್ತಿರ ಕಡ್ಡಿಗೆ ಚುಚ್ಚಿದ ಕೊನ್ಯಾಕು ಉಂಡೆ ಮಾರುತ್ತಾರೆ. ಅದು ಗೆಡ್ಡೆ, ಜೊತೆಗೆ ಸಾಸಿವೆ. ನಂಬಿ ತಿಂದೆ. ಪಾತ್ರೆಯೊಳಗೆ ಇಣುಕಿದರೆ ಒಣಗಿಸಿದ ಸ್ಕ್ವಿಡ್ ತೇಲುತ್ತಿದೆ! ಅಂಗಡಿಯಜ್ಜಿಯನ್ನು ಮಾಂಸ ಇದೆಯಾ ಅಂತ ಮೊದಲೇ ಕೇಳಿದ್ದೆ, ಇಲ್ಲ ಅಂದಿದ್ದರು. ಅವರ ಪ್ರಕಾರ ಸ್ಕ್ವಿಡ್ ಮಾಂಸ ಅಲ್ಲವಲ್ಲ! ಅಂದಿನಿಂದ "ಕತ್ಸುಒಬುಶಿ (ಒಣ ಮೀನಿನ ಹೆರೆ), ಮೀನು, ಸಿಗಡಿ, ಸ್ಕ್ವಿಡ್, ಮೊಟ್ಟೆ ಬೇಡ" ಅಂತ ಜಪಾನಿಯಲ್ಲಿ ಬರೆದ ಚೀಟಿ ಇಟ್ಟುಕೊಂಡೆ. ಚೀಟಿ ನೋಡಿ ಅರ್ಧ ಅಂಗಡಿಯವರು ಕೈಯಲ್ಲಿ ಅಡ್ಡ ಗುರುತು ತೋರಿಸುತ್ತಿದ್ದರು. ಆದರೆ ಯಾರೂ ಸುಳ್ಳು ಹೇಳಲಿಲ್ಲ.

ಧೈರ್ಯವಾಗಿ ತಿಂದದ್ದು: ಬೆಣ್ಣೆ ಹಾಕಿದ ಆಲೂಗಡ್ಡೆ (500), ಸಕ್ಕರೆ ಪಾಕದ ಸೇಬು, ಕಾಕಿಗೋರಿ ಐಸ್. ಸುಟ್ಟ ಜೋಳಕ್ಕೆ (600, ಹಗಲು ದರೋಡೆ) ಸೋಯಾ ಸಾಸ್ ಮಾತ್ರ ಸವರಿ ಅಂತ ಹೇಳಬೇಕು. ಮೀನಿನ ಆಕಾರದ ತಿಂಡಿ ತೈಯಾಕಿಯೊಳಗೆ ಸಿಹಿ ಹೂರಣ, ನಿಜ. ಆದರೆ ಹಿಟ್ಟಿಗೆ ಸಾಮಾನ್ಯವಾಗಿ ಮೊಟ್ಟೆ ಹಾಕುತ್ತಾರೆ. ಮಿಕ್ಕ ಹೊತ್ತಿಗೆ ಬ್ಯಾಗಿನಲ್ಲಿದ್ದ ಪುಳಿಯೋಗರೆ ಗೊಜ್ಜು, ಅಂಗಡಿಯ ಬಿಸಿ ಅನ್ನದ ಪೊಟ್ಟಣ.

ಕುಂದಾಪ್ರ ಮಾಣಿ: ಅಲ್ಲ ಮಾರಾಯ್ರೆ, ಗೊಜ್ಜು ತಿನ್ನಲು ಅಷ್ಟು ದೂರ ಹೋಗಬೇಕಾ? ಮೀನು ಬಿಟ್ಟರೆ ಜಪಾನಿನಲ್ಲಿ ಏನುಂಟು? ನಾನು ಒಸಾಕಾದ ತೆಂಜಿನ್ ಹಬ್ಬಕ್ಕೆ ಹೋದವ. ಜುಲೈ 24, 25. ನದಿಯಲ್ಲಿ ದೋಣಿ ಮೆರವಣಿಗೆ, ಮೇಲೆ ಬಾಣಬಿರುಸು. ತಾಕೊಯಾಕಿ (ಆಕ್ಟೋಪಸ್ ತುಂಡಿನ ಉಂಡೆ) ಎಂಟಕ್ಕೆ 700 ಕೊಟ್ಟೆ. ಹಬ್ಬ ಮುಗಿದ ಮೇಲೆ ಅದೇ ಎಂಟಕ್ಕೆ ಪೇಟೆಯ ಒಳಗೆ 480. ನಾಲಿಗೆ ಸುಟ್ಟು ಎರಡು ದಿನ ರುಚಿಯೇ ಗೊತ್ತಾಗಲಿಲ್ಲ. ಆದರೂ ಒಕೊನೊಮಿಯಾಕಿ (ಎಲೆಕೋಸಿನ ದಪ್ಪ ದೋಸೆ) ಅಂದರೆ ಒಸಾಕಾದ್ದೇ. ಹಿರೋಶಿಮಾದ್ದು ಸುಮ್ನೆ ನೂಡಲ್ಸ್ ಗುಡ್ಡೆ.

ಮೊಟ್ಟೆ ಮುಟ್ಟದವಳು: ನನ್ನ ದುಡ್ಡು, ನನ್ನ ಗೊಜ್ಜು. ನಿಮ್ಮನ್ನು ಯಾರು ಕೇಳಿದರು? ಕ್ಯೋಟೋದ ದೇವಸ್ಥಾನಗಳ ಶೋಜಿನ್ ರ‍್ಯೋರಿ ಹೆಸರು ಕೇಳಿದ್ದೀರಾ? ಕೊಂಬು ಪಾಚಿ, ಅಣಬೆಯ ದಾಶಿಯಲ್ಲೇ ಪೂರ್ತಿ ಊಟ. ಬೌದ್ಧ ಸನ್ಯಾಸಿಗಳು ನೂರಾರು ವರ್ಷದಿಂದ ಉಣ್ಣುತ್ತಿದ್ದಾರೆ. ನನಗೆ 5,500 ಬಿತ್ತು. ಇಡೀ ಪ್ರವಾಸದಲ್ಲಿ ನಿಶ್ಚಿಂತೆಯಿಂದ ಉಂಡದ್ದು ಅದೊಂದೇ.

ಮಜ್ದಾ ಮಂಜ: ನೂಡಲ್ಸ್ ಗುಡ್ಡೆಯಾ? ಹಿರೋಶಿಮಾದಲ್ಲಿ ಮೂರು ವರ್ಷ ಕೆಲಸ ಮಾಡಿದವನು ನಾನು. ಮೊದಲು ದೋಸೆಯಂತೆ ತೆಳ್ಳಗೆ ಹಿಟ್ಟು, ಅದರ ಮೇಲೆ ರಾಶಿ ಎಲೆಕೋಸು, ಹಂದಿ ಮಾಂಸ, ನೂಡಲ್ಸ್, ಕೊನೆಗೆ ಮೊಟ್ಟೆ. ಎಲೆಕೋಸು ತನ್ನ ಹಬೆಯಲ್ಲೇ ಬೇಯುತ್ತದೆ. ಒಸಾಕಾದವರು ಎಲ್ಲವನ್ನೂ ಬಟ್ಟಲಲ್ಲಿ ಕಲಸಿ ಹುಯ್ಯುತ್ತಾರೆ. ಕಲಸಲು ಯಾರಿಗೆ ಬರಲ್ಲ?

ನಿಶಿಕಸಾಯಿ ನಿವಾಸಿ: ಜಗಳ ಆಮೇಲೆ ಆಡಿ. ಗಿಯೋನ್ ನೋಡಬೇಕು, ನೂಕುನುಗ್ಗಲು ಬೇಡ ಅನ್ನುವವರಿಗೆ ಜುಲೈ 24ರ ಎರಡನೇ ಮೆರವಣಿಗೆ ಇದೆ. ಬರೀ 11 ರಥ. 2014ರಲ್ಲಿ ಮತ್ತೆ ಶುರು ಮಾಡಿದ್ದು. ಜನ ಕಡಿಮೆ. ನಾನು ಅದಕ್ಕೇ ಹೋಗುವುದು. ಮೊದಲ ಮೆರವಣಿಗೆಯ ಹಿಂದಿನ ದಿನ, 16ರ ಸಂಜೆ, ಶಿಜೊ ಬೀದಿಯಲ್ಲಿ ಒಮ್ಮೆ ಸಿಕ್ಕಿಕೊಂಡೆ. ಪೊಲೀಸರು ಒಂದೇ ದಿಕ್ಕಿಗೆ ಬಿಡುತ್ತಿದ್ದರು. ಎದುರುಗಡೆ ಇದ್ದ ಶೌಚಾಲಯಕ್ಕೆ ಮುಕ್ಕಾಲು ಗಂಟೆ ಸುತ್ತಿದೆ. ನನ್ನನ್ನು ಕೇಳಿದರೆ ಎರಡೂ ಬಿಟ್ಟು ತಕಾಯಾಮಾ ಹಬ್ಬಕ್ಕೆ ಹೋಗಿ. ಏಪ್ರಿಲ್ 14, 15. ತಂಪು. ಅಲ್ಲಿನ ಮಿತರಾಶಿ ದಾಂಗೊಗೆ (ಅಕ್ಕಿ ಹಿಟ್ಟಿನ ಉಂಡೆ) ಸಿಹಿ ಪಾಕ ಇಲ್ಲ, ಬರೀ ಸೋಯಾ ಸಾಸ್ ಹಚ್ಚಿ ಸುಡುತ್ತಾರೆ.

ಹಾಸನದ ಹಾಯಾಬುಸಾ: ಅವರು ಜುಲೈ, ಆಗಸ್ಟ್ ಅಂತ ಬರೆದಿದ್ದಾರೆ ಸ್ವಾಮಿ. ನೀವು ಏಪ್ರಿಲ್ ಹೇಳುತ್ತೀರಿ.

ಶಿವಮೊಗ್ಗದವಳು: 24ಕ್ಕೆ ಕಳಿಸಬೇಡಿ. ಆ ಮೆರವಣಿಗೆಯ ಹಿಂದಿನ ಸಂಜೆಗಳಲ್ಲಿ ತಿಂಡಿ ಅಂಗಡಿಗಳೇ ಇರಲ್ಲ. ಅಂಗಡಿ ಮುಂದೆ ನಿಂತು ತಿನ್ನುವುದು ಇಷ್ಟ ಅಂದವರಿಗೆ ಅಂಗಡಿ ಇಲ್ಲದ ಜಾತ್ರೆ ತೋರಿಸುತ್ತೀರಾ?

ನಿಶಿಕಸಾಯಿ ನಿವಾಸಿ: ಅಂಗಡಿ ಇದ್ದು ತಿನ್ನುವುದೇನು ಮೇಡಂ, 600 ಯೆನ್ ಜೋಳವಾ? ಇಲ್ಲಿ ಕ್ಯೋಟೋದ ಹಳಬರೇ 24ನ್ನು ಮೆಚ್ಚುತ್ತಾರೆ.

ಕುಂದಾಪ್ರ ಮಾಣಿ: ಮಂಜಣ್ಣ, ಕಲಸಲು ಎಲ್ಲರಿಗೂ ಬರುತ್ತದೆ ಅಂದಿರಲ್ಲ. ಹಿಟ್ಟಿಗೆ ನಾಗಾಇಮೊ ಗೆಣಸು ಎಷ್ಟು ತುರಿಯಬೇಕು ಅಂತ ಹೇಳಿ ನೋಡುವ.