ಅದು ಗರುಗವಲ್ಲ ಅತ್ತೆ, ಹಂಚಬೇಡಿ

ಗುಂಪು: ನಮ್ಮನೆ ಬಳಗ

ಸರೋಜತ್ತೆ: (ಫೋಟೊ, ಫಾರ್ವರ್ಡ್ ಆಗಿದ್ದು) "ಹಳದಿ ಹೂವಿನ ಈ ಬಳ್ಳಿಯೇ ಗರುಗ. ಎಣ್ಣೆ ಕಾಯಿಸಿ ಹಚ್ಚಿದರೆ ಕೂದಲು ಉದುರುವುದಿಲ್ಲ. ಎಲ್ಲರಿಗೂ ಕಳಿಸಿ."
ನಮ್ಮ ಮನೆ ಹಿಂದಿನ ಧರೆ (ಮಣ್ಣಿನ ಕಡಿದಾದ ಇಳಿಜಾರು) ಮೇಲೆ ರಾಶಿ ಇದೆ. ಶನಿವಾರ ಬರುವವರಿಗೆಲ್ಲ ಒಂದೊಂದು ಕಟ್ಟು ಕೊಡುತ್ತೇನೆ.

ವಿದ್ಯಾ: ಅತ್ತೆ, ದಯವಿಟ್ಟು ಯಾರಿಗೂ ಕೊಡಬೇಡಿ. ಅದು ವೆಡೇಲಿಯ. ಸಿಂಗಾಪುರ ಡೈಸಿ ಅಂತಲೂ ಕರೆಯುತ್ತಾರೆ, ಆದರೆ ಅದರ ಮೂಲ ಅಮೆರಿಕ ಖಂಡದ ಬಿಸಿ ನಾಡುಗಳು. ಗರುಗದ ಹೂ ಬಿಳಿ, ಅಂಗಿ ಗುಂಡಿಗಿಂತ ಚಿಕ್ಕದು. ಸೊಪ್ಪನ್ನು ಅಂಗೈಯಲ್ಲಿ ಉಜ್ಜಿದರೆ ರಸ ಸ್ವಲ್ಪ ಹೊತ್ತಿಗೆ ಕಪ್ಪಾಗುತ್ತದೆ.

ಶ್ರೀಧರ ಚಿಕ್ಕಪ್ಪ: ಹಳದಿ ಹೂವಿನ ಗರುಗವೂ ಇದೆಯಲ್ಲ ಮಾರಾಯ್ತಿ. ಪೀತ ಭೃಂಗರಾಜ ಅಂತಾರೆ.

ವಿದ್ಯಾ: ಇದೆ ಚಿಕ್ಕಪ್ಪ, ಜನ ಮೋಸ ಹೋಗುವುದೇ ಅಲ್ಲಿ. ಅದರ ಎಲೆ ಉದ್ದ, ಕಿರಿದು. ಅತ್ತೆಯ ಫೋಟೊ ದೊಡ್ಡದು ಮಾಡಿ ನೋಡಿ. ಎಲೆ ದಪ್ಪ, ಮಿರಿಮಿರಿ ಮಿಂಚುತ್ತದೆ. ಎರಡೂ ಪಕ್ಕಕ್ಕೆ ಒಂದೊಂದು ಮೂಲೆ ಚಾಚಿಕೊಂಡು ಮೂರು ಹಲ್ಲಿನ ಹಾಗಿದೆ.

ಸರೋಜತ್ತೆ: ಏನಾದರೇನು? ನೀರು ಬೇಡ, ಗೊಬ್ಬರ ಬೇಡ, ವರ್ಷವಿಡೀ ಹೂ. ಧರೆಗೆ ಹಸಿರು ಸೀರೆ ಉಡಿಸಿದ ಹಾಗಿದೆ. ಮಣ್ಣೂ ಜಾರುವುದಿಲ್ಲ. ನಿನಗೆ ಯಾಕಿಷ್ಟು ಸಿಟ್ಟು?

ವಿದ್ಯಾ: ಸಿಟ್ಟಲ್ಲ ಅತ್ತೆ, ಹೊಟ್ಟೆ ಉರಿಯುತ್ತದೆ. ನಾನೂ ಚೆಂದ ಅಂತಲೇ ಒಂದು ಕುಂಡದಲ್ಲಿ ನೆಟ್ಟಿದ್ದೆ. ಕತ್ತರಿಸಿದ ತುದಿಗಳನ್ನು ಬಚ್ಚಲ ನೀರು ಹೋಗುವ ಕಡೆ ಎಸೆದೆ. ಮುಂದಿನ ಮಳೆಗಾಲಕ್ಕೆ ಅಲ್ಲಿ ಅಮ್ಮ ಬೆಳೆಸಿದ್ದ ಒಂದೆಲಗದ ಒಂದು ಎಲೆಯೂ ಇರಲಿಲ್ಲ. ಆ ಬಳ್ಳಿಯ ಗೆಣ್ಣು ಗೆಣ್ಣಿಗೂ ಬಿಳಿ ದಾರದಂಥ ಬೇರು. ಎರಡು ಬೆರಳಿನಷ್ಟು ತುಂಡು ಉಳಿದರೂ ಚಿಗುರುತ್ತದೆ. ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಲಂಟಾನ ಪೊದೆಯ ಜೊತೆ ಇದೂ ಇದೆ. ಲಂಟಾನವೂ ಹೂವಿನ ಚೆಂದಕ್ಕೇ ಬಂದದ್ದು, ಹತ್ತೊಂಬತ್ತನೇ ಶತಮಾನದ ಶುರುವಿನಲ್ಲಿ, ಕಲ್ಕತ್ತೆಯ ಸಸ್ಯೋದ್ಯಾನಕ್ಕೆ. ಈಗ ಬಂಡೀಪುರದ ಕಾಡಲ್ಲಿ ಅದು ಹೇಗೆ ಹಬ್ಬಿದೆ ಅಂತ ನೋಡಿದ್ದೀರಲ್ಲ?

ಪ್ರಜ್ವಲ್: ಅಕ್ಕಾ, ಕಳೆ ಔಷಧಿ ಹೊಡೆದರೆ ಮುಗೀತಲ್ವಾ?

ವಿದ್ಯಾ: ಧರೆ ಕೆಳಗೇ ಬಾವಿ ಇದೆ ಕಣೋ. ಬೇಡ. ಮಳೆ ಬಂದು ಮಣ್ಣು ಸಡಿಲ ಆದಾಗ ಕೈಯಲ್ಲೇ ಕೀಳಬೇಕು. ಚಾಪೆ ಸುತ್ತಿದ ಹಾಗೆ ಸುತ್ತಿಕೊಂಡು ಬರುತ್ತದೆ. ಆಮೇಲೆ ಬೇರು ಹುಡುಕಿ ತೆಗೆಯಬೇಕು. ಕಿತ್ತದ್ದನ್ನು ಗೊಬ್ಬರ ಗುಂಡಿಗೆ, ಹಳ್ಳಕ್ಕೆ ಹಾಕಲೇಬಾರದು. ಟಾರ್ಪಾಲಿನ ಮೇಲೆ ಬಿಸಿಲಿಗೆ ಹರಡಿ, ಕಡ್ಡಿ ಲಟಕ್ಕನೆ ಮುರಿಯುವಷ್ಟು ಒಣಗಿಸಬೇಕು. ಹದಿನೈದು ದಿನಕ್ಕೊಮ್ಮೆ ಹೋಗಿ ಹೊಸ ಚಿಗುರು ಕೀಳುತ್ತಿರಬೇಕು.

ಶ್ರೀಧರ ಚಿಕ್ಕಪ್ಪ: ಎಲ್ಲ ಸರಿ, ಆದರೆ ಈ ಮಳೆಗಾಲದಲ್ಲಿ ಧರೆ ಬೋಳು ಮಾಡಿದರೆ ಕುಸಿಯುತ್ತದೆ. ಹೊಣೆ ಯಾರು?

ವಿದ್ಯಾ: ಅದು ನಿಜ ಚಿಕ್ಕಪ್ಪ, ಒಂದೇ ಸಲ ಕೀಳುವುದು ಬೇಡ. ಒಂದೊಂದೇ ಪಟ್ಟಿ ತೆಗೆದು, ಅಲ್ಲಿ ಲಾವಂಚ ನೆಡುತ್ತಾ ಹೋಗೋಣ. ಅದರ ಬೇರು ನೆಟ್ಟಗೆ ಆಳಕ್ಕೆ ಇಳಿಯುತ್ತದೆ. ಈ ಬಳ್ಳಿಯದ್ದು ಮೇಲ್ಮಣ್ಣಿನಲ್ಲೇ ಇರುತ್ತದೆ.

ಸರೋಜತ್ತೆ: ಈಗ ಹಿತ್ತಿಲಿಗೆ ಹೋಗಿ ಉಜ್ಜಿ ನೋಡಿದೆ. ಅರ್ಧ ಗಂಟೆ ಆಯ್ತು, ಕೈ ಹಸಿರಾಗಿಯೇ ಇದೆ. ಆದರೆ ಆಚೆಮನೆಯವರಿಗೆ ಮೊನ್ನೆಯೇ ಒಂದು ಬುಟ್ಟಿ ಕೊಟ್ಟುಬಿಟ್ಟೆನಲ್ಲೇ. ಈಗ ವಾಪಸ್ ಹೇಗೆ ಕೇಳಲಿ?

ವಿದ್ಯಾ: ಶನಿವಾರ ನಾನು ತಿಂಡಿ ಹೊತ್ತಿಗೇ ಬರುತ್ತೇನೆ ಅತ್ತೆ. ಇಬ್ಬರೂ ಹೋಗೋಣ. ಲಾವಂಚದ ಹಿಂಡು ಅವರಿಗೂ ಸೇರಿಸಿಯೇ ತರುತ್ತೇನೆ. ಅಲ್ಲಿಯವರೆಗೆ ಅದನ್ನು ನೆಲಕ್ಕೆ ನೆಡಬೇಡಿ ಅಂತ ಈಗಲೇ ಒಂದು ಫೋನ್ ಮಾಡಿಬಿಡಿ.