ಎಲ್‌ಡಿಎಲ್ 164: ಮಾತ್ರೆ ಶುರು ಮಾಡೋ ಮೊದಲು ಇಳಿಸಿಕೊಂಡವರು ಇದ್ದೀರಾ? ಅನುಭವ ಹೇಳಿ

ರಾತ್ರಿಪಾಳಿ43
ವಯಸ್ಸು 43, ಗಂಡಸು. ಚೆಕಪ್‌ನಲ್ಲಿ ಟೋಟಲ್ ಕೊಲೆಸ್ಟ್ರಾಲ್ 240, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 164, ಎಚ್‌ಡಿಎಲ್ (ಒಳ್ಳೆ ಕೊಲೆಸ್ಟ್ರಾಲ್) 46, ಟ್ರೈಗ್ಲಿಸರೈಡ್ (ರಕ್ತದಲ್ಲಿರೋ ಕೊಬ್ಬು) 150 ಬಂದಿದೆ. ಬಿಪಿ ಇಲ್ಲ, ಶುಗರ್ ಇಲ್ಲ, ಸಿಗರೇಟು ಇಲ್ಲ. ಡಾಕ್ಟರು ಮೂರು ತಿಂಗಳು ಟೈಮ್ ಕೊಟ್ಟಿದ್ದಾರೆ, ಇಳಿಯದಿದ್ದರೆ ಸ್ಟ್ಯಾಟಿನ್ (ಕೊಲೆಸ್ಟ್ರಾಲ್ ಇಳಿಸೋ ಮಾತ್ರೆ) ಅಂದಿದ್ದಾರೆ. ವಾರದಲ್ಲಿ ನಾಲ್ಕು ದಿನ ನೈಟ್ ಶಿಫ್ಟ್, ನನ್ನ ಮುಖ್ಯ ಊಟ ಆಗೋದೇ ರಾತ್ರಿ ಎರಡು ಗಂಟೆಗೆ. ಇಂಥ ಹೊತ್ತುಗೊತ್ತಿಲ್ಲದ ದಿನಚರಿಯಲ್ಲಿ ಊಟ, ವಾಕಿಂಗ್ ಹೊಂದಿಸಿಕೊಂಡವರು ಹೇಗೆ ಮಾಡಿದಿರಿ ಅಂತ ಹೇಳಿ. ಮಾತ್ರೆ ಒಳ್ಳೇದಾ ಕೆಟ್ಟದ್ದಾ ಅನ್ನೋ ಜಗಳ ಬೇಡ, ದಯವಿಟ್ಟು.

ಅಳತೆಚಮಚ
ಇಳಿಸಬಹುದು ಸರ್. ನಾನೇ ಸಾಕ್ಷಿ. 171 ಇದ್ದದ್ದು ಹದಿನಾಲ್ಕು ವಾರದಲ್ಲಿ 139. ಒಂದೂ ಮಾತ್ರೆ ಇಲ್ಲ.

ಎಲ್ಲರೂ "ನಾರು ತಿನ್ನಿ" ಅಂತಾರೆ, ಎಷ್ಟು ಅಂತ ಯಾರೂ ಹೇಳಲ್ಲ. ಓಟ್ಸ್, ಬಾರ್ಲಿಯಲ್ಲಿರೋ ಬೀಟಾ ಗ್ಲೂಕನ್ ಅನ್ನೋ ನಾರು ದಿನಕ್ಕೆ 3 ಗ್ರಾಂ ಹೊಟ್ಟೆಗೆ ಹೋಗಬೇಕು. ಅಂದ್ರೆ ಒಣ ಓಟ್ಸ್ ಸುಮಾರು 75 ಗ್ರಾಂ. ಒಂದು ಹಿಡಿ ಉದುರಿಸಿಕೊಂಡು ತಿಂದರೆ ಏನೂ ಆಗಲ್ಲ. ಅದರ ಮೇಲೆ ಇಸಬ್‌ಗೋಲ್ 10 ಗ್ರಾಂ, ಬೆಳಿಗ್ಗೆ ಒಂದು ಚಮಚ, ರಾತ್ರಿ ಒಂದು ಚಮಚ. ಈ ನಾರು ಕರುಳಲ್ಲಿ ಪಿತ್ತರಸವನ್ನ ಹಿಡಿದು ಹೊರಗೆ ಹಾಕುತ್ತೆ. ಲಿವರ್‌ಗೆ ಹೊಸ ಪಿತ್ತ ಮಾಡೋಕೆ ಕೊಲೆಸ್ಟ್ರಾಲ್ ಬೇಕಲ್ಲ, ಅದನ್ನ ರಕ್ತದಿಂದ ಎಳೆದುಕೊಳ್ಳುತ್ತೆ. ಇಷ್ಟೇ ಕಥೆ.

ಆದರೆ ಪಟ್ಟ ಪಾಡು ಕೇಳಿ. ಮೊದಲ ಮೂರು ವಾರ ಹೊಟ್ಟೆ ತಮಟೆ ಥರ. ಮೀಟಿಂಗ್‌ನಲ್ಲಿ ಕೂತಾಗ ಒಳಗಿಂದ ಬರೋ ಗುಡುಗುಡು ಸದ್ದು ಮುಚ್ಚೋಕೆ ಕುರ್ಚಿ ಎಳೆದು ಸದ್ದು ಮಾಡ್ತಿದ್ದೆ. ಒಂದಿನ ಅವಸರಕ್ಕೆ ಇಸಬ್‌ಗೋಲನ್ನ ಅರ್ಧ ಲೋಟ ನೀರಲ್ಲಿ ಕಲಸಿ ನುಂಗಿದೆ, ಗಂಟಲಲ್ಲೇ ಊದಿಕೊಂಡು ನಿಂತುಬಿಡ್ತು. ಮೇಲೂ ಬರಲ್ಲ, ಕೆಳಗೂ ಇಳಿಯಲ್ಲ. ಅವತ್ತಿಂದ ಎರಡು ಲೋಟ ನೀರು ಎದುರಿಗೆ ಇಟ್ಟುಕೊಂಡೇ ಚಮಚ ಮುಟ್ಟೋದು. ಶುರುವಲ್ಲೇ ಪೂರ್ತಿ ಪ್ರಮಾಣ ತಗೋಬೇಡಿ, ಅರ್ಧ ಚಮಚದಿಂದ ಏರಿಸಿಕೊಂಡು ಹೋಗಿ.

(ಬೆಣ್ಣೆ, ಚೀಸ್ ಬಿಟ್ಟಿದ್ದೆ, ಐದು ಕೆಜಿಯೂ ಇಳಿದಿದ್ದೆ. ಅದರದ್ದೂ ಸ್ವಲ್ಪ ಪಾಲಿರಬಹುದು.)

ಮರಳಿಟೆಸ್ಟ್
@ಅಳತೆಚಮಚ ಇಸಬ್‌ಗೋಲ್ ಬಗ್ಗೆ ಇಷ್ಟು ಬರೆದು ಮುಖ್ಯವಾದದ್ದೇ ಬಿಟ್ಟಿರಲ್ಲ. ಬೇರೆ ಮಾತ್ರೆ ತಗೊಳ್ಳೋರ ಗತಿ ಏನು?

ನನ್ನ ಕಥೆ ಹೇಳ್ತೀನಿ. ಎಂಟು ವರ್ಷದಿಂದ ಥೈರಾಯ್ಡ್ ಮಾತ್ರೆ ತಗೋತಿದ್ದೀನಿ, ಟಿಎಸ್‌ಎಚ್ (ಥೈರಾಯ್ಡ್ ಟೆಸ್ಟ್‌ನ ಅಂಕಿ, ಏರಿದರೆ ಥೈರಾಯ್ಡ್ ಮಂದ ಅಂತ) ಸದಾ 2, 3ರ ಒಳಗೆ. ಎಲ್‌ಡಿಎಲ್ 149 ಬಂತು ಅಂತ ಇದೇ ಥರ ಯಾರೋ ಹೇಳಿದ್ದು ಕೇಳಿ, ಬೆಳಿಗ್ಗೆ ಎದ್ದ ಕೂಡಲೇ ಥೈರಾಯ್ಡ್ ಮಾತ್ರೆ, ಅದರ ಬೆನ್ನಿಗೇ ಇಸಬ್‌ಗೋಲ್. ಒಂದೇ ಲೋಟದಲ್ಲಿ ಎರಡೂ ಕೆಲಸ ಮುಗೀತಲ್ಲ ಅಂತ ನನ್ನ ಜಾಣತನಕ್ಕೆ ನಾನೇ ಬೀಗಿದ್ದೆ. ನಾಲ್ಕು ತಿಂಗಳು ಕಳೆದು ಟೆಸ್ಟ್ ಮಾಡಿಸಿದರೆ ಎಲ್‌ಡಿಎಲ್ 168. ಇಳಿಯೋದು ಹಾಗಿರಲಿ, ಏರಿಬಿಟ್ಟಿದೆ! ಕೂದಲು ಉದುರೋದು, ಚಳಿ, ಮಧ್ಯಾಹ್ನ ಕೂತಲ್ಲೇ ತೂಕಡಿಕೆ. ಡಯಟ್‌ನ ಸುಸ್ತು ಅಂತ ನಾನು ಸುಮ್ಮನಿದ್ದೆ. ಟಿಎಸ್‌ಎಚ್ ನೋಡಿದರೆ 11.4. ಆ ನಾರು ಮಾತ್ರೆಯನ್ನ ಮೈಗೆ ಸೇರೋಕೆ ಬಿಟ್ಟಿಲ್ಲ. ಥೈರಾಯ್ಡ್ ಕೈಕೊಟ್ಟರೆ ಎಲ್‌ಡಿಎಲ್ ಏರುತ್ತೆ ಅನ್ನೋದು ಡಾಕ್ಟರಿಗೆಲ್ಲ ಗೊತ್ತಿರೋ ವಿಷಯವಂತೆ. ಕೊಲೆಸ್ಟ್ರಾಲ್ ಇಳಿಸೋಕೆ ತಗೊಂಡದ್ದೇ ಏರಿಸ್ತು. ಈಗ ಮಾತ್ರೆ ಬೆಳಿಗ್ಗೆ, ಇಸಬ್‌ಗೋಲ್ ಸಂಜೆ. ಮೂರು ತಿಂಗಳಿಗೆ ಟಿಎಸ್‌ಎಚ್ ಸರಿಹೋಯ್ತು, ಎಲ್‌ಡಿಎಲ್ 137.

ಮೊದಲು ಟಿಎಸ್‌ಎಚ್ ನೋಡಿಸಿ ಸರ್. ಆಮೇಲೆ ಓಟ್ಸ್ ಬೇಯಿಸಿ.

ಅಳತೆಚಮಚ
ಅವರಿಗೆ ಥೈರಾಯ್ಡ್ ಇದೆ ಅಂತ ಎಲ್ಲಿ ಬರೆದಿದ್ದಾರೆ ಮೇಡಂ? ನಾನು ಅವರ ಪ್ರಶ್ನೆಗೆ ಉತ್ತರ ಕೊಟ್ಟೆ.

ಮರಳಿಟೆಸ್ಟ್
ಇಲ್ಲ ಅಂತಲೂ ಬರೆದಿಲ್ಲ.

ಬೆಳ್ಳುಳ್ಳಿಎಸಳು
ನಮ್ಮ ಮನೇಲಿ ಹನ್ನೊಂದು ತಿಂಗಳು ನಡೆದ ಯಜ್ಞ ಇದು. ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಎರಡು ಎಸಳು ಹಸಿ ಬೆಳ್ಳುಳ್ಳಿ. ಬೆವರಲ್ಲೂ ಅದೇ ವಾಸನೆ. ಮಗಳು ನನ್ನ ಪಕ್ಕ ಮಲಗೋದು ಬಿಟ್ಟಳು. ಎದೆಯುರಿಗೆ ಬೇರೆ ಮಾತ್ರೆ ಶುರುವಾಯ್ತು, ಅದು ಇವತ್ತಿಗೂ ನಿಂತಿಲ್ಲ. ಇಷ್ಟೆಲ್ಲ ಆಗಿ ಎಲ್‌ಡಿಎಲ್ 158 ಇದ್ದದ್ದು 155. ಮೂರು ಅಂಕ! ಲ್ಯಾಬ್‌ನವರು ಅದು ಏರುಪೇರಿನ ಲೆಕ್ಕಕ್ಕೂ ಬರಲ್ಲ ಅಂದರು.

ಬೆಣ್ಣೆಧೀರ
ಜಜ್ಜಿ ಹತ್ತು ನಿಮಿಷ ಬಿಟ್ಟು ತಿಂದ್ರಾ? ಇಡೀ ಎಸಳು ನುಂಗಿದರೆ ಅಲಿಸಿನ್ (ಬೆಳ್ಳುಳ್ಳಿಯಲ್ಲಿ ಕೆಲಸ ಮಾಡೋ ಅಂಶ) ಹುಟ್ಟೋದೇ ಇಲ್ಲ.

ಬೆಳ್ಳುಳ್ಳಿಎಸಳು
ಜಜ್ಜಿದೆ ಅಣ್ಣಾ, ಹತ್ತು ನಿಮಿಷ ಗಡಿಯಾರ ನೋಡ್ತಾ ಕೂತೆ. ಸ್ಟ್ಯಾನ್‌ಫರ್ಡ್‌ನಲ್ಲಿ 192 ಜನರ ಮೇಲೆ ಆರು ತಿಂಗಳು ಇದನ್ನೇ ಮಾಡಿ ನೋಡಿದ್ದಾರೆ, 2007ರಲ್ಲಿ ಬಂತು. ಹಸಿ ಬೆಳ್ಳುಳ್ಳಿನ ಸ್ಯಾಂಡ್‌ವಿಚ್‌ನಲ್ಲಿಟ್ಟು ವಾರಕ್ಕೆ ಆರು ದಿನ ತಿನ್ನಿಸಿದ್ದಾರೆ, ಮಾತ್ರೆ ರೂಪದ್ದೂ ಕೊಟ್ಟಿದ್ದಾರೆ. ಎಲ್‌ಡಿಎಲ್ ಅಲ್ಲಾಡಿಲ್ಲ. ನಾನು ಹನ್ನೊಂದು ತಿಂಗಳ ಮುಂಚೆ ಓದಬೇಕಿತ್ತು, ಅಷ್ಟೆ.

ಕೈಸುಟ್ಟವನು
ಬೆಳ್ಳುಳ್ಳಿಯಿಂದ ಏನೂ ಆಗಲಿಲ್ಲ ಅಂತ ಬೇಜಾರು ಮಾಡ್ಕೋಬೇಡಿ ಅಕ್ಕಾ. ಏನೋ ಆಗೋದರಿಂದ ನನಗೆ ಆಗಿದ್ದು ಕೇಳಿ.

ನಾನು "ಕೆಮಿಕಲ್ ಮುಟ್ಟಲ್ಲ" ಅಂತ ಹಟ ಹಿಡಿದವನು. ರೆಡ್ ಈಸ್ಟ್ ರೈಸ್ (ಕೆಂಪಗೆ ಹುದುಗಿಸಿದ ಅಕ್ಕಿ) ಕ್ಯಾಪ್ಸೂಲ್ ತಗೊಂಡೆ, ಡಬ್ಬದ ಮೇಲೆ ಹಸಿರು ಎಲೆ ಚಿತ್ರ ಬೇರೆ. ಮೊದಲ ಡಬ್ಬ ಮುಗಿಯೋ ಹೊತ್ತಿಗೆ 182 ಇದ್ದದ್ದು 128. ಆಫೀಸಲ್ಲಿ ನಾಲ್ಕು ಜನಕ್ಕೆ ಉಪದೇಶ ಮಾಡಿದೆ. ಎರಡನೇ ಡಬ್ಬ ಅದೇ ಬ್ರ್ಯಾಂಡು, 167ಕ್ಕೆ ವಾಪಸ್. ಸರಿ ಅಂತ ನಾನೇ ಡೋಸ್ ಡಬಲ್ ಮಾಡಿದೆ. ಅಷ್ಟರಲ್ಲಿ ಮೂರನೇ ಡಬ್ಬ ಒಡೆದಿದ್ದೆ. ಡಬಲ್ ಮಾಡಿದ ಆರನೇ ವಾರ ಮೆಟ್ಟಿಲು ಇಳಿಯುವಾಗ ತೊಡೆ ಹಿಡಿದುಕೊಂಡಿತು. ಶೌಚಕ್ಕೆ ಕೂತರೆ ಏಳೋಕೆ ಗೋಡೆ ಬೇಕು. ಸಿಕೆ ಟೆಸ್ಟ್ (ಸ್ನಾಯುವಿಗೆ ಪೆಟ್ಟಾದರೆ ಏರೋ ಅಂಕಿ) 1,900 ದಾಟಿತ್ತು.

ಡಾಕ್ಟರು ಡಬ್ಬ ತಿರುಗಿಸಿ ನೋಡಿ ನಕ್ಕರು. ಅದರಲ್ಲಿ ಕೆಲಸ ಮಾಡೋದು ಮೊನಾಕೊಲಿನ್ ಕೆ. ಲೋವಾಸ್ಟ್ಯಾಟಿನ್ ಅಂತ 1987ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಮಾತ್ರೆ ಇದೆಯಲ್ಲ, ಅದೂ ಇದೂ ಒಂದೇ ಅಣು. ನಾನು ಮಾತ್ರೆ ಬೇಡ ಅಂತ ಓಡಿ ಓಡಿ ಮಾತ್ರೆಯನ್ನೇ ನುಂಗ್ತಾ ಇದ್ದೆ, ಅದೂ ಎಷ್ಟು ಮಿಲಿಗ್ರಾಂ ಅಂತ ಗೊತ್ತಿಲ್ಲದೆ. ಒಂದು ಡಬ್ಬದಲ್ಲಿ ಇದ್ದಷ್ಟು ಇನ್ನೊಂದರಲ್ಲಿ ಇರಲ್ಲ. ಹುದುಗು ಕೆಟ್ಟರೆ ಸಿಟ್ರಿನಿನ್ ಅನ್ನೋ ವಿಷವೂ ಬರುತ್ತೆ, ಅದು ಕಿಡ್ನಿಗೆ ಕೆಡುಕು. ಯುರೋಪಿಯನ್ ಒಕ್ಕೂಟ 2022ರಲ್ಲಿ ಮೊನಾಕೊಲಿನ್ ದಿನಕ್ಕೆ 3 ಮಿಲಿಗ್ರಾಂಗಿಂತ ಕಡಿಮೆ ಇರಬೇಕು ಅಂತ ಮಿತಿ ಹಾಕಿದೆ. ನನ್ನ ಡಬ್ಬದ ಮೇಲೆ ಆ ಅಂಕಿಯೇ ಇರಲಿಲ್ಲ.

ಆಗಿನಿಂದ ಯಾವ ಸ್ಟ್ಯಾಟಿನ್ನೂ ಮುಟ್ಟಿಲ್ಲ. ಸ್ಟ್ಯಾಟಿನ್ ಅಂದರೆ ಸ್ನಾಯು ನೋವು, ಅಷ್ಟೇ.

ಎರಡುಸ್ಟೆಂಟ್
ಕೊನೆಯ ಸಾಲು ಬೇಕಿರಲಿಲ್ಲ. ನೀವು ಅಳತೆಯಿಲ್ಲದ ಪುಡಿ ಡಬಲ್ ಮಾಡಿಕೊಂಡು ನುಂಗಿ ಸ್ಟ್ಯಾಟಿನ್‌ಗೆ ಹೆಸರು ಕೆಡಿಸ್ತಿದ್ದೀರಿ. ಸ್ಟ್ಯಾಟಿನ್ ಆಗಲ್ಲ ಅಂತ ಬಿಟ್ಟಿದ್ದ 60 ಜನರನ್ನ ಸೇರಿಸಿ ಲಂಡನ್ನಿನಲ್ಲಿ ಪ್ರಯೋಗ ಮಾಡಿದ್ದರು, 2020ರಲ್ಲಿ ಫಲಿತಾಂಶ ಬಂತು. ಕೆಲವು ತಿಂಗಳು ಮಾತ್ರೆ, ಕೆಲವು ತಿಂಗಳು ಹುಸಿ ಮಾತ್ರೆ, ಕೆಲವು ತಿಂಗಳು ಏನೂ ಇಲ್ಲ. ಯಾವ ತಿಂಗಳು ಯಾವ ಮಾತ್ರೆ ಅಂತ ಅವರಿಗೆ ಗೊತ್ತಿಲ್ಲ. ನಿಜವಾದ ಮಾತ್ರೆಯಲ್ಲಿ ಆದ ತೊಂದರೆಯ ಶೇ. 90ರಷ್ಟು ಹುಸಿ ಮಾತ್ರೆಯಲ್ಲೂ ಆಯ್ತು.

ಕೈಸುಟ್ಟವನು
ನನ್ನ ನೋವು ಮನಸ್ಸಿನದು ಅಂತೀರಾ? ಸಿಕೆ 1,900 ಮನಸ್ಸಿಂದ ಬರುತ್ತಾ ರೀ? ಗೋಡೆ ಹಿಡಿದು ಎದ್ದವನು ನಾನು.

ಎರಡುಸ್ಟೆಂಟ್
ನಿಮ್ಮದು ನಿಜ ಇರಬಹುದು. ಎಲ್ಲರದ್ದೂ ನಿಮ್ಮದೇ ಅನ್ನಬೇಡಿ ಅಂದೆ.

ಯಾಕೆ ಸಿಟ್ಟು ಬರುತ್ತೆ ಅಂದ್ರೆ, ನಾನೂ ಹೀಗೇ ಒಬ್ಬರ ಮಾತು ಕೇಳಿದವನು. 46ನೇ ವಯಸ್ಸಲ್ಲಿ ರೊಸುವಾಸ್ಟ್ಯಾಟಿನ್ 10 ಅನ್ನೋ ಸ್ಟ್ಯಾಟಿನ್ ಮಾತ್ರೆ ನಾನೇ ನಿಲ್ಲಿಸಿದೆ. 97 ಇದ್ದ ಎಲ್‌ಡಿಎಲ್ 171 ಆಯ್ತು. "ವಾಕಿಂಗ್ ಮಾಡಿದರೆ ತಾನೇ ಸರಿಹೋಗುತ್ತೆ" ಅಂದುಕೊಂಡು ದಿನಾ ಆರು ಕಿಲೋಮೀಟರ್ ನಡೆದೆ. 81 ಕೆಜಿಯಿಂದ 72ಕ್ಕೆ ಬಂದೆ. ಕನ್ನಡಿ ನೋಡಿಕೊಂಡರೆ ನನಗೇ ಹೆಮ್ಮೆ. ಎರಡು ವರ್ಷಕ್ಕೆ ದವಡೆ ನೋವು ಶುರುವಾಯ್ತು. ಎದೆ ಅಲ್ಲ, ದವಡೆ. ಏರು ಹತ್ತುವಾಗ ಬರೋದು, ನಿಂತರೆ ಹೋಗೋದು. ನಾನು ಹಲ್ಲಿನ ಡಾಕ್ಟರ ಹತ್ತಿರ ಹೋದೆ. ಅವರು ಎಕ್ಸ್‌ರೇ ತೆಗೆದು, ಹಲ್ಲೆಲ್ಲ ಸರಿ ಇದೆ, ನಡೆದಾಗ ಮಾತ್ರ ಹಲ್ಲು ಯಾಕೆ ನೋಯುತ್ತೆ, ಹೃದಯದವರ ಹತ್ತಿರ ಇವತ್ತೇ ಹೋಗಿ ಅಂದರು. ಅವರು ಅಷ್ಟು ಹೇಳದಿದ್ದರೆ ಈ ಸಾಲು ಬರೀತಿರಲಿಲ್ಲ. ಎರಡು ಸ್ಟೆಂಟ್. ಆಮೇಲೆ ಲಿಪೊಪ್ರೋಟೀನ್ ಎ (ಎಲ್‌ಡಿಎಲ್ ಥರದ್ದೇ ಇನ್ನೊಂದು ಕಣ) ಅನ್ನೋ ಟೆಸ್ಟ್ ಮಾಡಿಸಿದರೆ 142. 50 ದಾಟಿದರೇ ಜಾಸ್ತಿ. ಅದು ವಂಶದಿಂದ ಬರೋದು, ಓಟ್ಸ್‌ಗೂ ಬಗ್ಗಲ್ಲ, ನಡಿಗೆಗೂ ಬಗ್ಗಲ್ಲ. ಜನ್ಮದಲ್ಲಿ ಒಂದು ಸಲ ಮಾಡಿಸಿದರೆ ಸಾಕಾಗೋ ಟೆಸ್ಟ್, ಯಾರೂ ಹೇಳಿರಲಿಲ್ಲ.

ಬೆಣ್ಣೆಧೀರ
ಭಯ ಹುಟ್ಟಿಸೋದು ಬಿಡಿ ಸರ್. ಎಲ್‌ಡಿಎಲ್ ಅನ್ನೋದೇ ದೊಡ್ಡ ವಿಷಯ ಅಲ್ಲ. ನಾನು ಹದಿನೆಂಟು ತಿಂಗಳಿಂದ ಕೀಟೊ (ಅನ್ನ, ಸಕ್ಕರೆ ಬಿಟ್ಟು ಕೊಬ್ಬು ಜಾಸ್ತಿ ತಿನ್ನೋ ಡಯಟ್). ಟ್ರೈಗ್ಲಿಸರೈಡ್ 210 ಇದ್ದದ್ದು 74. ಎಚ್‌ಡಿಎಲ್ 38ರಿಂದ 61. ಸೊಂಟ ನಾಲ್ಕು ಇಂಚು ಇಳಿದಿದೆ. ಎಲ್‌ಡಿಎಲ್ 118ರಿಂದ 231 ಆಗಿದೆ, ಹೌದು, ಮುಚ್ಚಿಡಲ್ಲ. ಅದು ದೊಡ್ಡ ಕಣ, ಹತ್ತಿ ಥರ ತೇಲ್ತಾ ಹೋಗುತ್ತೆ, ಅಂಟಲ್ಲ. ಹೃದಯದ ರಕ್ತನಾಳದ ಸ್ಕ್ಯಾನಲ್ಲಿ ಕ್ಯಾಲ್ಸಿಯಂ ಸ್ಕೋರ್ ಸೊನ್ನೆ. ಬೆಣ್ಣೆ ಬಿಡಲ್ಲ.

ಎರಡುಸ್ಟೆಂಟ್
231 ಇಟ್ಟುಕೊಂಡು ಹತ್ತಿ ಅಂತೀರಲ್ಲ! ಅಪೊಬಿ (ಕೆಟ್ಟ ಕೊಲೆಸ್ಟ್ರಾಲ್ ಹೊರೋ ಕಣಗಳ ಮೇಲಿರೋ ಪ್ರೋಟೀನ್) ಟೆಸ್ಟ್ ಮಾಡಿಸಿದ್ದೀರಾ? ಒಂದು ಕಣಕ್ಕೆ ಒಂದೇ ಅಪೊಬಿ, ಸಣ್ಣದೋ ದೊಡ್ಡದೋ, ತಲೆ ಎಣಿಸಿದ ಹಾಗೆ. ಕ್ಯಾಲ್ಸಿಯಂ ಸ್ಕೋರ್ ಸೊನ್ನೆ ಅಂದರೆ ಇಲ್ಲಿವರೆಗೆ ಸುಣ್ಣ ಕಟ್ಟಿಲ್ಲ ಅಂತ. ಮೆತ್ತಗಿರೋ ಪ್ಲೇಕ್ (ರಕ್ತನಾಳದ ಗೋಡೆಗೆ ಕಟ್ಟಿದ ಕೊಬ್ಬು) ಆ ಸ್ಕ್ಯಾನಲ್ಲಿ ಕಾಣೋದೇ ಇಲ್ಲ.

ಬೆಣ್ಣೆಧೀರ
ಮಾಡಿಸಿದೆ. 163. ಇನ್ನೊಂದು ಲ್ಯಾಬಲ್ಲಿ ಮತ್ತೆ ಮಾಡಿಸ್ತೀನಿ.

ಎರಡುಸ್ಟೆಂಟ್
ಮಾಡಿಸಿ. ಲ್ಯಾಬ್ ಬದಲಾಯಿಸಿದ ಹಾಗೆ ರಕ್ತ ಬದಲಾಗೋದಾದರೆ ನನಗೂ ವಿಳಾಸ ಕೊಡಿ.

ಕಪ್ಪುಕಾಫಿ
ನಾನು ಏನೂ ಹೊಸದಾಗಿ ತಿನ್ನಲಿಲ್ಲ. ಎಲ್‌ಡಿಎಲ್ 4.2 ಇತ್ತು, ಎರಡು ತಿಂಗಳಲ್ಲಿ 3.8.

ಬೆಳ್ಳುಳ್ಳಿಎಸಳು
4.2 ಎಲ್‌ಡಿಎಲ್‌ಗೆ ಟೆನ್ಶನ್ನಾ? ನಮ್ಮದೆಲ್ಲ ನೂರೈವತ್ತರ ಮೇಲೆ. ತಮಾಷೆ ಮಾಡ್ತೀರಾ?

ಕಪ್ಪುಕಾಫಿ
ನಾನಿರೋ ಕಡೆ ರಿಪೋರ್ಟ್ ಕೊಡೋದು ಮಿಲಿಮೋಲ್‌ನಲ್ಲಿ ಕಣ್ರೀ, ನಿಮ್ಮ ಥರ ಮಿಲಿಗ್ರಾಂನಲ್ಲಿ ಅಲ್ಲ. 38.67ರಿಂದ ಗುಣಿಸಿಕೊಳ್ಳಿ. 4.2 ಅಂದರೆ 162, 3.8 ಅಂದರೆ 147. ನೋಡದೆ ತಮಾಷೆ ಅಂದುಬಿಡ್ತೀರಿ.

ವಿಷಯಕ್ಕೆ ಬರ್ತೀನಿ. ನಾನು ದಿನಕ್ಕೆ ಆರು ಕಪ್ ಕಾಫಿ ಕುಡಿಯೋಳು. ಪುಡಿಯನ್ನ ಬಿಸಿನೀರಲ್ಲಿ ನೆನೆಸಿ, ಲೋಹದ ಜಾಲರಿ ಒತ್ತಿ ಇಳಿಸೋ ಥರ. ಸೋಸದ ಕಾಫೀಲಿ ಕೆಫೆಸ್ಟಾಲ್ ಅಂತ ಎಣ್ಣೆ ಅಂಶ ಇರುತ್ತೆ, ಅದು ಎಲ್‌ಡಿಎಲ್ ಏರಿಸುತ್ತೆ. ಜಾಲರಿಯಲ್ಲಿ ಅದು ನಿಲ್ಲಲ್ಲ, ಕಾಗದದಲ್ಲಿ ಸೋಸಿದರೆ ನಿಲ್ಲುತ್ತೆ. ಕಾಗದಕ್ಕೆ ಬದಲಾಯಿಸಿದೆ, ಅಷ್ಟೆ. ಮೊದಲ ವಾರ ಕಾಫಿ ನೀರು ನೀರು ಅನ್ನಿಸಿ ಅಳು ಬಂತು. ಸೋಸಿದ ಕಾಗದ ಒಣಗಿದ ಮೇಲೆ ಬೆರಳಲ್ಲಿ ಸವರಿ ನೋಡಿ, ಜಿಡ್ಡು ಕೈಗೆ ಹತ್ತುತ್ತೆ. ಇಷ್ಟು ವರ್ಷ ಅದನ್ನ ಕುಡಿದೆನಲ್ಲ ಅನ್ನಿಸ್ತು.

ಅಳತೆಚಮಚ
ಬರೀ 15 ಅಂಕ. ನನ್ನದು 32.

ಕಪ್ಪುಕಾಫಿ
ನಿಮ್ಮ ಥರ ಕುರ್ಚಿ ಎಳೆಯೋ ಪರಿಸ್ಥಿತಿ ನನಗೆ ಬರಲಿಲ್ಲ.

ಮರಳಿಟೆಸ್ಟ್
😄 ಅದಿರಲಿ @ಅಳತೆಚಮಚ, ಎರಡು ಚಮಚಕ್ಕೆ 10 ಗ್ರಾಂ ಅಂದಿರಲ್ಲ, ಅದು ಯಾವ ಚಮಚ? ಈಗಷ್ಟೇ ಅಡುಗೆಮನೆ ತಕ್ಕಡಿಯಲ್ಲಿಟ್ಟು ತೂಗಿದೆ. ಟೀ ಚಮಚ ಸಮ ಮಾಡಿ ತುಂಬಿದರೆ 2 ಗ್ರಾಂ ಆಸುಪಾಸು. ನಿಮ್ಮ ಲೆಕ್ಕದ ಅರ್ಧವೂ ಇಲ್ಲ.

ಅಳತೆಚಮಚ
ನನ್ನದು ಊಟದ ದೊಡ್ಡ ಚಮಚ. ಮೇಲೆ ರಾಶಿ ಬರೋ ಹಾಗೆ ತುಂಬಿದ್ದು.

ಮರಳಿಟೆಸ್ಟ್
ಹೆಸರಲ್ಲೇ ಅಳತೆ ಇಟ್ಟುಕೊಂಡು ತೂಗಿಯೇ ಇಲ್ಲ ಅಂತಾಯ್ತು.

ಅಳತೆಚಮಚ
ತೂಗಿದೀನಿ ಮೇಡಂ. ತಾಳಿ, ಮತ್ತೆ ತೂಗಿ ಹೇಳ್ತೀನಿ.

ರಾತ್ರಿಪಾಳಿ43
ಎಲ್ಲರಿಗೂ ಥ್ಯಾಂಕ್ಸ್. ಟಿಎಸ್‌ಎಚ್, ಲಿಪೊಪ್ರೋಟೀನ್ ಎ, ಅಪೊಬಿ ಮೂರನ್ನೂ ಬರೆದುಕೊಂಡಿದ್ದೀನಿ. ಆದರೆ ಎರಡು ಗಂಟೆ ರಾತ್ರಿ ಊಟದ ಬಗ್ಗೆ ಯಾರೂ ಏನೂ ಹೇಳಲಿಲ್ಲ. ಇಸಬ್‌ಗೋಲ್ ಆ ಊಟಕ್ಕೆ ಮೊದಲು ತಗೋಬೇಕಾ, ಬೆಳಿಗ್ಗೆ ಬಂದು ಮಲಗೋ ಮುಂಚೆಯಾ?

ಕೈಸುಟ್ಟವನು
ಮಲಗೋ ಮುಂಚೆ ಬೇಡ ಗುರು, ಗಂಟಲಲ್ಲಿ ನಿಂತರೆ ಕಷ್ಟ.

ಅಳತೆಚಮಚ
ತೂಗಿದೆ. 4.3 ಗ್ರಾಂ. ಮೇಲಿನ ರಾಶಿ ಸ್ವಲ್ಪ ಉದುರಿತು, ಇಲ್ಲದಿದ್ದರೆ 5 ಆಗ್ತಿತ್ತು. @ರಾತ್ರಿಪಾಳಿ43 ಸರ್, ಹೊತ್ತಿನ ವಿಚಾರ ಆಮೇಲೆ ನೋಡೋಣ, ನಿಮ್ಮನೇಲಿರೋದು ಟೀ ಚಮಚನಾ, ಊಟದ ಚಮಚನಾ?