ಅಪ್‌ಡೇಟ್: ರೀಡ್‌ಮೀ ತಿದ್ದಿದ್ದು ಮರ್ಜ್ ಆಯ್ತು (ಪ್ರಾಜೆಕ್ಟ್‌ಗೆ ಸೇರಿಕೊಂಡಿತು)

ಕೋಡ್ ಬರೆಯದೆ ಬರೀ ಡಾಕ್ಯುಮೆಂಟೇಶನ್ (ಬಳಸೋದು ಹೇಗೆ ಅನ್ನೋ ವಿವರಣೆ) ತಿದ್ದಿದರೆ ಓಪನ್ ಸೋರ್ಸ್‌ನಲ್ಲಿ, ಅಂದ್ರೆ ಕೋಡ್ ಎಲ್ಲರಿಗೂ ತೆರೆದಿರೋ ಸಾಫ್ಟ್‌ವೇರ್‌ನಲ್ಲಿ, ಬೆಲೆ ಇದೆಯಾ ಅಂತ ಹಿಂದೆ ಇಲ್ಲಿ ಕೇಳಿದ್ದೆ. ಇದೆ ಅಂದವರಿಗೆಲ್ಲ ಥ್ಯಾಂಕ್ಸ್.

ನೀವು ಹೇಳಿದ ಹಾಗೆ, ಜಯನಗರದ ಗೆಳೆಯನೊಬ್ಬನ ಹೊಸ ಲ್ಯಾಪ್‌ಟಾಪ್‌ನಲ್ಲಿ ರೀಡ್‌ಮೀ (ಪ್ರಾಜೆಕ್ಟ್‌ನ ಪರಿಚಯ ಪುಟ) ನೋಡಿಕೊಂಡೇ ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡಿಸಿದೆ. ನಾನು ಬಾಯಿ ಬಿಡಲಿಲ್ಲ. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಯಾವ ಆವೃತ್ತಿ ಬೇಕು ಅನ್ನೋದನ್ನೇ ಬರೆದಿರಲಿಲ್ಲ, ಅಲ್ಲೇ ಸಿಕ್ಕಿಕೊಂಡ. ಅವನು ತಡವರಿಸಿದ ಕಡೆಯೆಲ್ಲ ಗುರುತು ಹಾಕಿಕೊಂಡು, ಓಡಿಸಿ ನೋಡಿದ ಕಮಾಂಡ್‌ಗಳ ಸಮೇತ ಪುಲ್ ರಿಕ್ವೆಸ್ಟ್ (ತಿದ್ದಿದ್ದನ್ನು ಸೇರಿಸಿಕೊಳ್ಳಿ ಅನ್ನೋ ಕೋರಿಕೆ) ಹಾಕಿದೆ.

ಕೋಡ್ ಹಂಚಿಕೊಳ್ಳುವ ತಾಣ ಗಿಟ್‌ಹಬ್‌ನ 2017ರ ಓಪನ್ ಸೋರ್ಸ್ ಸಮೀಕ್ಷೆಯಲ್ಲಿ ಶೇ. 93ರಷ್ಟು ಜನ ಅರೆಬರೆ, ಹಳತಾದ ಡಾಕ್ಯುಮೆಂಟೇಶನ್ ಕಂಡಿದ್ದೇವೆ ಅಂದಿದ್ದರು. ಆದರೂ ಕೊಡುಗೆ ಕೊಡುವವರಲ್ಲಿ ಶೇ. 60 ಮಂದಿ ಅದನ್ನು ಮುಟ್ಟುವುದೇ ಅಪರೂಪ.

ಎಪಿಐ (ಬೇರೆ ಪ್ರೋಗ್ರಾಂಗಳು ಈ ಸಾಫ್ಟ್‌ವೇರ್ ಬಳಸೋ ದಾರಿ) ವಿವರಿಸೋ ಪುಟಗಳು ಬಾಕಿ ಇವೆ. ಅಲ್ಲಿ ಕೋಡ್ ಓದದೆ ಆಗಲ್ಲ. ಶನಿವಾರ ಜೊತೆಗೆ ಕೂರೋಕೆ ಪೈಥಾನ್ ಗೊತ್ತಿರೋರು ಯಾರಾದರೂ ಇದ್ದೀರಾ?